ಬಸ್ಸಿಗೂ ಕಾರಿಗೂ ಆಗುವಂಥ ಸಣ್ಣ ಗಾಳಿ ಬೋಟ್ ಯಾವುದು ತಗೊಳ್ಳಲಿ? ಹಾಸನ, ಚಿಕ್ಕಮಗಳೂರು ಕಡೆಯವರು ಹೇಳಿ

ಮೇಷ್ಟ್ರು (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆಯಲ್ಲಿ ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು. ಗಾಳಿ ತುಂಬಿಸುವ ಸಣ್ಣ ಬೋಟ್ ಒಂದು ತಗೊಳ್ಳಬೇಕು ಅಂತ ಒಂದು ವರ್ಷದಿಂದ ಆಸೆ.

ದಸರಾ ರಜೆಯಲ್ಲಿ ಶೆಟ್ಟಿಹಳ್ಳಿ ಚರ್ಚ್ ನೋಡಲು ಹೋಗಿದ್ದೆವು. ಹೇಮಾವತಿ ಹಿನ್ನೀರು ಗೋಡೆಗಳ ಅರ್ಧಕ್ಕೆ ಬಂದಿತ್ತು. ಮಗಳು ದಡದಲ್ಲಿ ನಿಂತು "ಅಪ್ಪಾ, ಆ ಕಮಾನಿನ ಒಳಗೆ ದೋಣಿಯಲ್ಲಿ ಹೋಗಬಹುದಾ?" ಅಂತ ಕೇಳಿದಳು. ಅಲ್ಲಿಂದ ಬಂದ ಮೇಲೆ ನನಗೂ ಅದೇ ಯೋಚನೆ.

ನಮ್ಮ ಕಾರು ಸಣ್ಣದು, ಡಿಕ್ಕಿ ಇನ್ನೂ ಸಣ್ಣದು. ಕೆಲವು ಸಲ ಬಸ್ಸಲ್ಲೇ ಹೋಗುತ್ತೇವೆ. ಮುಂದೆ ಬೇರೆ ಊರಿಗೆ ಪ್ರವಾಸ ಹೋದಾಗಲೂ ಒಯ್ಯುವಂತಿರಬೇಕು. ಮೂವರೂ ಕೂರಬೇಕು. ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಒಳಗೆ ಮುಗಿಯಬೇಕು. ನನಗೆ ಈಜು ಬರುತ್ತದೆ, ಹೆಂಡತಿಗೆ ಬರುವುದಿಲ್ಲ, ಮಗಳು ಈಗ ಕಲಿಯುತ್ತಿದ್ದಾಳೆ.

ಆನ್‌ಲೈನಲ್ಲಿ ನೋಡಿದರೆ ತಲೆ ಕೆಡುತ್ತದೆ. ಐದು ಸಾವಿರಕ್ಕೂ ಇದೆ, ಲಕ್ಷಕ್ಕೂ ಇದೆ. ಬಳಸಿದವರು ಹೇಳಿ.


ತೋಟದ ದಾರಿ (ಸಕಲೇಶಪುರ)

ಮೇಷ್ಟ್ರೇ, ಮೂರು ವರ್ಷದಿಂದ ಇಬ್ಬರು ಕೂರುವ ಗಾಳಿ ಕಯಾಕ್, ಅಂದರೆ ಉದ್ದನೆಯ ಸಪೂರ ದೋಣಿ, ಇಟ್ಟುಕೊಂಡಿದ್ದೇನೆ. ಇಂಟೆಕ್ಸ್ ಕಂಪನಿಯ ಎಕ್ಸ್‌ಪ್ಲೋರರ್ ಕೆ2. ಉದ್ದ 312 ಸೆಂಟಿಮೀಟರ್, ಅಗಲ 91. ಪೆಟ್ಟಿಗೆ ಮೇಲೆ ಹೊರುವ ತೂಕ 180 ಕೆಜಿ ಅಂತ ಇದೆ. ಮಡಚಿದರೆ ದೊಡ್ಡ ಹಾಸಿಗೆ ಸುರುಳಿಯಷ್ಟಾಗುತ್ತದೆ. ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಹಿಡಿಯುತ್ತದೆ.

ಆದರೆ ಮೂವರೂ ಒಟ್ಟಿಗೆ ಅನ್ನೋ ಮಾತನ್ನು ಮೊದಲು ಬಿಡಿ. ಲೆಕ್ಕ ಹಾಕಿ ನೋಡಿ. ನೀವು ಎಪ್ಪತ್ತೈದು ಕೆಜಿ, ಮನೆಯವರು ಅರವತ್ತು, ಮಗು ಇಪ್ಪತ್ತೆಂಟು. ಅಲ್ಲಿಗೇ 163 ಆಯಿತು. ನೀರಿನ ಬಾಟಲಿ, ಊಟದ ಡಬ್ಬಿ, ಪಂಪು ಸೇರಿದರೆ ಇನ್ನೇನು ಉಳಿಯಿತು? ಪೆಟ್ಟಿಗೆ ಮೇಲಿನ ಸಂಖ್ಯೆ ಅದು ತೇಲುವ ಕೊನೆಯ ಮಿತಿ. ಅಷ್ಟು ಭಾರಕ್ಕೆ ದೋಣಿ ಕೆಳಗೆ ಕೂತು ಅಲೆ ಒಳಗೆ ಬರುತ್ತದೆ, ಹುಟ್ಟು ಹಾಕಿದರೆ ಮುಂದೆ ಹೋಗುವುದಿಲ್ಲ. ನಾನು ಮೂರರಲ್ಲಿ ಎರಡು ಪಾಲು ಭಾರಕ್ಕೆ ನಿಲ್ಲಿಸುತ್ತೇನೆ. ಅಂದರೆ 120 ಕೆಜಿ.

ಮೂವರಿಗೆ ಬೇಕಾದರೆ ಡಿಂಗಿ ಥರದ್ದೇ, ಅಂದರೆ ತಳ ಅಗಲವಾದ ಗಾಳಿ ದೋಣಿಯೇ ಬೇಕು. ಆಗ ತೂಕ ಜಾಸ್ತಿ, ಬಸ್ಸಿನ ಆಸೆ ಬಿಡಬೇಕು.


ಬೆನ್ನಚೀಲ (ಮೂಡಿಗೆರೆ, ಈಗ ಬೆಂಗಳೂರು)

ಬಸ್ಸಲ್ಲಿ ಒಯ್ಯಬೇಕು ಅಂದರೆ ಪ್ಯಾಕ್‌ರಾಫ್ಟ್ ಒಂದೇ ದಾರಿ, ಅಂದರೆ ಬೆನ್ನಚೀಲದಲ್ಲಿ ಹಿಡಿಯುವ ಹಗುರ ಗಾಳಿ ದೋಣಿ. ಒಬ್ಬರು ಕೂರುವಂಥದ್ದು ಎರಡರಿಂದ ನಾಲ್ಕು ಕೆಜಿ. ಟಿಪಿಯು ಅನ್ನುವ ಹಿಗ್ಗುವ ಪ್ಲಾಸ್ಟಿಕ್ಕಿನ ಲೇಪನ ಇರುವ ನೈಲಾನ್ ಬಟ್ಟೆ. ಮಡಚಿದರೆ ಕಂಬಳಿ ಸುರುಳಿಗಿಂತ ಸಣ್ಣದು. ಪಂಪೇ ಬೇಡ. ಗಾಳಿಚೀಲ ಅಂತ ಒಂದು ಹಗುರ ಚೀಲ ಬರುತ್ತದೆ. ಅದರ ಬಾಯಿ ಅಗಲಿಸಿ ಗಾಳಿ ಹಿಡಿದು, ಬಾಯಿ ಸುತ್ತಿ, ತಬ್ಬಿಕೊಂಡು ಹಿಂಡಿದರೆ ಗಾಳಿ ದೋಣಿಯೊಳಗೆ ಹೋಗುತ್ತದೆ. ಹತ್ತಿಪ್ಪತ್ತು ಸಲ ಮಾಡಿದರೆ ದೋಣಿ ಆಕಾರಕ್ಕೆ ಬರುತ್ತದೆ. ಕೊನೆಗೆ ಬಾಯಿಂದ ಊದಿ ಗಟ್ಟಿ ಮಾಡಬೇಕು.

ಈ ಹಗುರ ದೋಣಿಯ ಕಥೆ ನನಗೆ ತುಂಬಾ ಇಷ್ಟ. 1840ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯ ಪೀಟರ್ ಹಾಲ್ಕೆಟ್ ಅನ್ನುವವರು ರಬ್ಬರ್ ಲೇಪಿಸಿದ ಬಟ್ಟೆಯಲ್ಲಿ ಮೇಲಂಗಿ ಥರ ಹೊದ್ದುಕೊಂಡು ಹೋಗುವ ದೋಣಿ ಮಾಡಿದ್ದರು. ಹೊಳೆ ಬಂದಾಗ ಅದನ್ನೇ ಬಿಚ್ಚಿ ಗಾಳಿ ತುಂಬಿಸುವುದು. ಆರ್ಕ್ಟಿಕ್ ಕಡೆ ಅಲೆದ ಜಾನ್ ರೇ ಅದನ್ನು ಕೊಂಡೊಯ್ದು ಬಳಸಿದ್ದರು. ಈಗಿನ ಪ್ಯಾಕ್‌ರಾಫ್ಟ್ ಬೆಳೆದದ್ದು ಅಲಾಸ್ಕಾದ ಶೆರಿ ಟಿಂಗಿ ತಮ್ಮ ಮಗನಿಗಾಗಿ ಹೊಲಿದ ದೋಣಿಗಳಿಂದ, 2000ದ ಆಸುಪಾಸಿನಲ್ಲಿ.

ಬೆಲೆಯೇ ತೊಂದರೆ. ಹೆಸರಾಂತ ಕಂಪನಿಗಳದ್ದು ಸಾವಿರ ಡಾಲರ್ ಆಸುಪಾಸಿನಲ್ಲಿ, ಅದರ ಮೇಲೆ ಸುಂಕ. ಮೇಷ್ಟ್ರ ಇಪ್ಪತ್ತೈದು ಸಾವಿರಕ್ಕೆ ಬರುವುದಿಲ್ಲ. ಇನ್ನೊಂದು, ಇದು ಚಿಕ್ಕದು ಮತ್ತು ದುಂಡಗೆ. ಗಾಳಿ ಎದುರಿಗಿದ್ದರೆ ಹಿನ್ನೀರಲ್ಲಿ ಇದನ್ನು ಮುಂದೆ ತಳ್ಳುವುದು ಕಷ್ಟ. ಹೊಳೆ ದಾಟಲು, ನಡಿಗೆ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಮನೆಯವರ ಜೊತೆ ಮಧ್ಯಾಹ್ನ ಕಳೆಯಲು ಬೇರೆ ನೋಡಿ.


ಕೆರೆ ಏರಿ (ಕಡೂರು)

ಐದು ಸಾವಿರದ್ದೇ ಸಾಕಲ್ವಾ? ಸುಮ್ನೆ ಯಾಕೆ ಅಷ್ಟು ಖರ್ಚು? ಎರಡು ಪ್ಲಾಸ್ಟಿಕ್ ಹುಟ್ಟು, ಪಂಪು ಎಲ್ಲ ಜೊತೆಗೇ ಬರುತ್ತದೆ.


ಆಲೂರಿನವನು (ಆಲೂರು)

ಸಾಲದು. ನನಗೆ ಆದದ್ದು ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷದ ಹಿಂದೆ ಜನವರಿಯಲ್ಲಿ ನಾನು ಮತ್ತು ನನ್ನ ಭಾವಮೈದ ಅಂಥದ್ದೇ ಒಂದು ಬೋಟ್ ತಗೊಂಡು ಹೇಮಾವತಿ ಹಿನ್ನೀರಿಗೆ ಹೋದೆವು. ಮೊಟ್ಟೆ ಆಕಾರದ ಬೋಟ್. ಎರಡು ಪಕ್ಕದಲ್ಲಿ ರಬ್ಬರ್ ಬಳೆ, ಅದರೊಳಗೆ ಹುಟ್ಟು ಸಿಕ್ಕಿಸಿ ಹಿಂದಕ್ಕೆ ಮುಖ ಮಾಡಿ ಎಳೆಯಬೇಕು. ಬೆಳಿಗ್ಗೆ ಎಂಟಕ್ಕೆ ನೀರು ಕನ್ನಡಿ ಥರ ಇತ್ತು. ಖುಷಿಯಲ್ಲಿ ದೂರ ಹೋದೆವು. ಹತ್ತು ಗಂಟೆ ಹೊತ್ತಿಗೆ ಮೂಡಗಾಳಿ ಎದ್ದಿತು. ನಾವು ಹೊರಟ ದಡ ಮೂಡಲಿಗೆ. ಗಾಳಿ ನಮ್ಮನ್ನು ಪಡುವಲಿಗೆ ತಳ್ಳುತ್ತಿತ್ತು.

ಅಂಥ ಬೋಟ್ ನೀರಿನ ಮೇಲೆ ಎಲೆ ಥರ ಕೂತಿರುತ್ತದೆ. ಕೆಳಗೆ ಹಿಡಿತವೇ ಇಲ್ಲ. ಒಂದು ಪಕ್ಕ ಎಳೆದರೆ ಸುತ್ತುತ್ತದೆ. ನಾನು ಜೋರಾಗಿ ಎಳೆದೆ. ಬಲಗಡೆಯ ಹುಟ್ಟು, ಎರಡು ತುಂಡು ಸೇರುವ ಜಾಗದಲ್ಲಿ, ಮಡಚಿಕೊಂಡು ಮುರಿಯಿತು. ಕೈಯಲ್ಲಿ ಬರೀ ಕೊಳವೆ ಉಳಿಯಿತು. ಭಾವಮೈದ ಕೈಯಲ್ಲೇ ನೀರು ತಳ್ಳಲು ಶುರು ಮಾಡಿದ. ನಮ್ಮ ಬಳಿ ಜಾಕೆಟ್ ಇರಲಿಲ್ಲ. ದಡದಲ್ಲಿರುವ ನಮ್ಮ ಬೈಕು ಸಣ್ಣ ಚುಕ್ಕಿ ಥರ ಕಾಣುತ್ತಿತ್ತು. ಆ ಹೊತ್ತಿನ ಹೆದರಿಕೆ ಈಗಲೂ ಮೈಯಲ್ಲಿದೆ.

ಬಲೆ ಎತ್ತಲು ಬಂದಿದ್ದ ಹಿರಿಯರೊಬ್ಬರು ಹರಿಗೋಲಲ್ಲಿ ಹತ್ತಿರ ಬಂದರು. ಹಗ್ಗ ಎಸೆದು ಎಳೆದುಕೊಂಡು ಹೋದರು. ದಡಕ್ಕೆ ಬಂದ ಮೇಲೆ "ಹತ್ತು ಗಂಟೆ ಮೇಲೆ ನಾವೇ ನಡುನೀರಿಗೆ ಹೋಗಲ್ಲ ಕಣಪ್ಪಾ" ಅಂದರು. ಬೈಯಲೂ ಇಲ್ಲ.

ಸೊಂಟದುದ್ದ ನೀರಿರುವ ಕಡೆ ಮಕ್ಕಳು ಆಡಲು ಆ ಬೋಟ್ ಪರವಾಗಿಲ್ಲ. ಪ್ರಯಾಣಕ್ಕೆ ಅಂತ ಅದನ್ನು ತಗೊಳ್ಳಬೇಡಿ.


ಕೆರೆ ಏರಿ (ಕಡೂರು)

ಅಣ್ಣಾ, ಇದು ಗೊತ್ತಿರಲಿಲ್ಲ. ನನ್ನ ತಂಗಿ ಮಕ್ಕಳಿಗೆ ಅದನ್ನೇ ಕೊಡಿಸಿದ್ದೆ. ಇವತ್ತೇ ಫೋನ್ ಮಾಡಿ ಹೇಳುತ್ತೇನೆ.


ತೋಟದ ದಾರಿ (ಸಕಲೇಶಪುರ)

ಆಲೂರಿನವರು ಹೇಳಿದ ಹಿಡಿತದ ಮಾತು ತುಂಬಾ ಮುಖ್ಯ. ಕಯಾಕಿನ ಹಿಂಭಾಗದಲ್ಲಿ ಕೆಳಗೆ ಒಂದು ರೆಕ್ಕೆ ಸಿಕ್ಕಿಸುತ್ತಾರೆ. ಫಿನ್ ಅಥವಾ ಸ್ಕೆಗ್ ಅನ್ನುತ್ತಾರೆ. ಮೀನಿನ ರೆಕ್ಕೆ ಥರ ಅಂಗೈ ಅಗಲದ ಪ್ಲಾಸ್ಟಿಕ್ ತುಂಡು. ಅದಿದ್ದರೆ ದೋಣಿ ನೇರ ಹೋಗುತ್ತದೆ. ಒಂದು ಸಲ ಅದನ್ನು ಮನೆಯಲ್ಲೇ ಮರೆತು ಹೋಗಿದ್ದೆ. ಅರ್ಧ ಗಂಟೆಯಲ್ಲಿ ತೋಳು ಸೋತು ವಾಪಸ್ ಬಂದೆ. ಈಗ ಅದಕ್ಕೆ ಕೆಂಪು ದಾರ ಕಟ್ಟಿ ಪಂಪಿಗೇ ಕಟ್ಟಿಟ್ಟಿದ್ದೇನೆ.

ಹುಟ್ಟು ಕೂಡ ಜೊತೆಗೆ ಬಂದದ್ದನ್ನೇ ನಂಬಬೇಡಿ. ಎರಡು ತುದಿಗೂ ನೀರು ತಳ್ಳುವ ಎಲೆಯಾಕಾರದ ಹಲಗೆ ಇರುವ ಅಲ್ಯೂಮಿನಿಯಂ ಹುಟ್ಟು, 220ರಿಂದ 230 ಸೆಂಟಿಮೀಟರ್ ಉದ್ದದ್ದು ನೋಡಿ. ಗಾಳಿ ಕಯಾಕ್ ಅಗಲ ಇರುವುದರಿಂದ ಅದಕ್ಕಿಂತ ಗಿಡ್ಡ ಇದ್ದರೆ ಪ್ರತಿ ಸಲವೂ ಬೆರಳು ದೋಣಿಯ ಪಕ್ಕದ ಗಾಳಿ ಕೊಳವೆಗೆ ತಾಗಿ ಚರ್ಮ ಕಿತ್ತು ಬರುತ್ತದೆ. ನಾಲ್ಕು ತುಂಡಾಗಿ ಬಿಚ್ಚುವಂಥದ್ದು ಬಸ್ಸಿಗೆ ಒಳ್ಳೆಯದು.


ಈಜು ಅಕ್ಕ (ಚಿಕ್ಕಮಗಳೂರು)

ನಾನು ಮಕ್ಕಳಿಗೂ ಹೆಂಗಸರಿಗೂ ಈಜು ಕಲಿಸುತ್ತೇನೆ. ಮೇಷ್ಟ್ರೇ, ನಿಮ್ಮ ಇಪ್ಪತ್ತೈದು ಸಾವಿರದಲ್ಲಿ ಮೊದಲು ಮೂರು ಒಳ್ಳೆ ಲೈಫ್ ಜಾಕೆಟ್ ತಗೊಳ್ಳಿ. ಉಳಿದದ್ದರಲ್ಲಿ ಬೋಟ್ ನೋಡಿ. ಇದರಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ.

ಜಾಕೆಟ್ ಮೇಲೆ ನ್ಯೂಟನ್ ಸಂಖ್ಯೆ ಇರುತ್ತದೆ, ಅದು ಎಷ್ಟು ಬಲದಿಂದ ತೇಲಿಸುತ್ತದೆ ಅನ್ನುವ ಲೆಕ್ಕ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12402ರಲ್ಲಿ 50 ನ್ಯೂಟನ್ನಿನದು ಈಜು ಬರುವವರಿಗೆ, ಹತ್ತಿರದಲ್ಲಿ ಸಹಾಯ ಇರುವಾಗ. ಅದು ತೇಲಲು ನೆರವಾಗುತ್ತದೆ ಅಷ್ಟೇ, ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲೆ ತಿರುಗಿಸುವುದಿಲ್ಲ. 100 ನ್ಯೂಟನ್ನಿನದಕ್ಕೆ ತಲೆ ಹಿಂದೆ ಕಾಲರ್ ಇರುತ್ತದೆ, ಶಾಂತ ನೀರಲ್ಲಿ ಮುಖ ಮೇಲಕ್ಕೆ ಇಡುವಂತೆ ಮಾಡಿರುತ್ತಾರೆ. ನಿಮ್ಮ ಮನೆಯವರಿಗೂ ಮಗಳಿಗೂ ಅದೇ ಬೇಕು. ಮಗುವಿನ ಜಾಕೆಟ್ಟಿಗೆ ಕಾಲುಗಳ ನಡುವೆ ಹೋಗುವ ಪಟ್ಟಿ ಇರಲೇಬೇಕು. ಬೆಳೆಯುತ್ತಾಳೆ ಅಂತ ದೊಡ್ಡ ಸೈಜ್ ತಗೊಳ್ಳಬೇಡಿ. ಹಾಕಿಸಿ, ಎರಡು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿವರೆಗೆ ಜಾರಿ ಬಂದರೆ ಅದು ಅವಳದ್ದಲ್ಲ.

ಹಾಗೇ ಹಿಂಡಿ ನೋಡಿ. ಕೆಲವು ಅಗ್ಗದ ಜಾಕೆಟ್ಟುಗಳ ಒಳಗೆ ಥರ್ಮಾಕೋಲ್ ತುಂಡು ಇರುತ್ತದೆ, ಕರಕರ ಅನ್ನುತ್ತದೆ. ಮೆತ್ತನೆ ಫೋಮ್ ಇರುವುದೇ ಬೇಕು.

ಎರಡನೇ ಮಾತು. ನೀರಿಗೆ ಬಿದ್ದ ಮೇಲೆ ದೋಣಿಗೆ ಹತ್ತುವುದು ಹೇಗೆ ಅಂತ ಮೊದಲ ದಿನವೇ ಕಲಿಯಿರಿ. ಬಹಳ ಜನ ದೋಣಿ ಅಂಚು ಹಿಡಿದು ನೇರ ಮೇಲೆ ಹತ್ತಲು ನೋಡುತ್ತಾರೆ. ಕಾಲು ದೋಣಿಯ ಅಡಿಗೆ ಹೋಗುತ್ತದೆ, ದೋಣಿ ಮಗುಚಿ ತಲೆ ಮೇಲೆ ಬರುತ್ತದೆ. ಹಾಗಲ್ಲ. ಅಂಚು ಹಿಡಿದು ಮೊದಲು ಕಾಲನ್ನು ಹಿಂದಕ್ಕೆ ಚಾಚಿ, ಮೈ ನೀರಿನ ಮೇಲೆ ಮಲಗುವಂತೆ ಮಾಡಿ. ಜೋರಾಗಿ ಕಾಲು ಬಡಿಯಿರಿ. ಅದೇ ವೇಗದಲ್ಲಿ ಎದೆಯನ್ನು ದೋಣಿ ಮೇಲೆ ಎಳೆದುಕೊಳ್ಳಿ. ಹೊಟ್ಟೆ ಮೇಲೆ ಅಡ್ಡ ಬಿದ್ದು ಒಂದು ಉಸಿರು ತಗೊಳ್ಳಿ. ಆಮೇಲೆ ನಿಧಾನಕ್ಕೆ ತಿರುಗಿ ಕೂರಿ. ಎದೆಮಟ್ಟ ನೀರಲ್ಲಿ ಹತ್ತು ಸಲ ಮಾಡಿಸಿದರೆ ಒಂಬತ್ತು ವರ್ಷದ ಮಗುವಿಗೂ ಬರುತ್ತದೆ.

ಅಭ್ಯಾಸಕ್ಕೆ ಅಂತ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ಮಾತ್ರ ಇಳಿಯಬೇಡಿ. ಆ ಹಾಳೆ ಪಾಚಿ ಕಟ್ಟಿ ಜಾರುತ್ತದೆ. ಈಜು ಬಂದವರೂ ಮೇಲೆ ಹತ್ತಲಾಗದೆ ಮುಳುಗಿದ್ದಾರೆ. ಮಣ್ಣಿನ ದಡ ನಿಧಾನಕ್ಕೆ ಇಳಿಯುವ ಕೆರೆ ಹುಡುಕಿ.


ಮೇಷ್ಟ್ರು (ಹಾಸನ)

ಅಕ್ಕಾ, ತುಂಬಾ ಧನ್ಯವಾದ. ನಾನು ಜಾಕೆಟ್ಟಿಗೆ ಎಲ್ಲಕ್ಕಿಂತ ಕಡಿಮೆ ದುಡ್ಡು ಇಟ್ಟಿದ್ದೆ. ಪಟ್ಟಿಯನ್ನೇ ತಿರುಗಿಸಿ ಬರೆದೆ.

ಶೆಟ್ಟಿಹಳ್ಳಿ ಚರ್ಚಿನ ಆ ಕಮಾನಿನ ಒಳಗೆ ಹೋಗುವ ಬಗ್ಗೆ ಯಾರಾದರೂ ಹೇಳುತ್ತೀರಾ?


ಹರಿಗೋಲು (ಹೊಳೆನರಸೀಪುರ)

ಬೇಡ ಸಾರ್. ನಮ್ಮದು ಹೊಳೆಯಲ್ಲಿ ಮೀನು ಹಿಡಿಯುವ ಮನೆತನ. ಮುಳುಗಿದ ಗೋಡೆ ನೀರೊಳಗೆ ಎಲ್ಲಿ ಇದೆ ಅಂತ ಮೇಲಿಂದ ಗೊತ್ತಾಗುವುದಿಲ್ಲ. ಆ ಕಟ್ಟಡ 1860ರ ದಶಕದ್ದು. ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ವರ್ಷ ವರ್ಷ ನೀರಲ್ಲಿ ನೆನೆದು, ಬೇಸಿಗೆಯಲ್ಲಿ ಒಣಗಿ, ಗಾರೆ ಸಡಿಲವಾಗಿದೆ. ಮೇಲಿಂದ ಕಲ್ಲು ಬೀಳಬಹುದು. ದೂರದಿಂದ ನೋಡಿ. ದೂರದಿಂದಲೇ ಅದು ಚೆನ್ನ.

ಹಿನ್ನೀರಲ್ಲಿ ನೀರು ಇಳಿಯುವಾಗ ಹಳೇ ಮರದ ಬೊಡ್ಡೆಗಳು ನೀರಿನ ಮೇಲ್ಮೈಗೆ ಅರ್ಧ ಅಡಿ ಕೆಳಗೇ ಇರುತ್ತವೆ. ಬಿದಿರಿಗೆ ತಾರು ಬಳಿದ ನಮ್ಮ ಹರಿಗೋಲಿಗೆ ತಾಗಿದರೆ ಕರ್ ಅಂತ ಸದ್ದಾಗುತ್ತದೆ, ಅಷ್ಟೇ. ನಿಮ್ಮ ಗಾಳಿ ದೋಣಿ ಸೀಳಿ ಹೋಗುತ್ತದೆ. ಬಲೆ ಬಿಟ್ಟ ಕಡೆ ಬಾಟಲಿಯೋ ಥರ್ಮಾಕೋಲೋ ತೇಲುತ್ತಿರುತ್ತದೆ. ಅದರ ಮೇಲೆ ಹೋಗಬೇಡಿ. ಬಲೆ ಹುಟ್ಟಿಗೆ ಸಿಕ್ಕಿಕೊಳ್ಳುತ್ತದೆ, ನಮ್ಮ ಹೊಟ್ಟೆಪಾಡೂ ಹಾಳಾಗುತ್ತದೆ. ಗೊತ್ತಿಲ್ಲದ ನೀರಿಗೆ ಇಳಿಯುವ ಮೊದಲು ದಡದಲ್ಲಿ ಬಲೆ ಬಿಡಿಸುತ್ತಾ ಕೂತವರನ್ನು ಒಂದು ಮಾತು ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ.


ಬೆನ್ನಚೀಲ (ಮೂಡಿಗೆರೆ, ಈಗ ಬೆಂಗಳೂರು)

ಇದಕ್ಕೇ ಒಂದಕ್ಕಿಂತ ಜಾಸ್ತಿ ಗಾಳಿ ಕೋಣೆ ಇರುವ ದೋಣಿ ನೋಡಬೇಕು. ಎರಡು ಪಕ್ಕದ ಕೊಳವೆ ಬೇರೆ, ತಳ ಬೇರೆ. ಒಂದು ತೂತಾದರೂ ಉಳಿದವು ದಡಕ್ಕೆ ತಲುಪಿಸುತ್ತವೆ. ನನ್ನ ಪ್ಯಾಕ್‌ರಾಫ್ಟಿಗೆ ಸುತ್ತ ಒಂದೇ ಕೊಳವೆ. ಅದು ಅದರ ದೊಡ್ಡ ಕೊರತೆ, ಮುಚ್ಚಿಡುವುದಿಲ್ಲ.


ಟಾರ್ಪಾಲು ಕೆಲಸ (ಅರಸೀಕೆರೆ)

ಬಟ್ಟೆಯ ಬಗ್ಗೆ ನಾನು ಹೇಳುತ್ತೇನೆ. ಲಾರಿ ಟಾರ್ಪಾಲು, ಟೆಂಟು ಹೊಲಿಯುವುದು, ಅಂಟಿಸುವುದು ನನ್ನ ಕೆಲಸ.

ಗಾಳಿ ಬೋಟಿನಲ್ಲಿ ಮುಖ್ಯವಾಗಿ ಮೂರು ನಾಲ್ಕು ಥರ. ಅಗ್ಗದ್ದು ವಿನೈಲ್ ಅನ್ನುವ ಪ್ಲಾಸ್ಟಿಕ್ಕಿನ ಬರೀ ಹಾಳೆ, ಒಳಗೆ ನೂಲಿಲ್ಲ. ಮುಳ್ಳು ತಾಗಿದರೆ ತೂತು, ಬಿಸಿಲಿಗೆ ಹಿಗ್ಗುತ್ತದೆ. ಅದಕ್ಕಿಂತ ಮೇಲಿನದು ಪಾಲಿಯೆಸ್ಟರ್ ನೂಲಿನ ಬಟ್ಟೆಗೆ ಎರಡು ಕಡೆ ಪಿವಿಸಿ ಲೇಪ. ಲಾರಿ ಟಾರ್ಪಾಲಿನ ಹತ್ತಿರದ ಸಂಬಂಧಿ. ಡಿಂಗಿ, ರಾಫ್ಟ್ ಎಲ್ಲ ಇದರಲ್ಲೇ. ಗಟ್ಟಿ, ಆದರೆ ತೂಕ. ಹೈಪಲಾನ್ ಅಂತ ಇನ್ನೊಂದು, ರಬ್ಬರಿನ ಜಾತಿ, ಬಿಸಿಲಿಗೆ ಜಗ್ಗುವುದಿಲ್ಲ. ಆ ಹೆಸರಿನದನ್ನು ಡ್ಯುಪಾಂಟ್ ಕಂಪನಿ 2010ರಲ್ಲೇ ನಿಲ್ಲಿಸಿತು. ಈಗ ಬೇರೆಯವರು ಮಾಡುವ ಅದೇ ಜಾತಿಯ ಬಟ್ಟೆಗೂ ಜನ ಹೈಪಲಾನ್ ಅಂತಲೇ ಕರೆಯುತ್ತಾರೆ. ದುಬಾರಿ. ನಿಮಗೆ ಬೇಕಿಲ್ಲ. ಇನ್ನು ಟಿಪಿಯು ಬಗ್ಗೆ ಬೆನ್ನಚೀಲದವರು ಹೇಳಿದ್ದಾರೆ.

ಈಗ ಪಂಕ್ಚರ್. ದಯವಿಟ್ಟು ಸೈಕಲ್ ಅಂಗಡಿಯ ಸೊಲ್ಯೂಷನ್ ಹಚ್ಚಬೇಡಿ. ಅದು ರಬ್ಬರ್ ಟ್ಯೂಬಿಗೆ ಮಾಡಿದ್ದು. ಪಿವಿಸಿ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಗಾಳಿ ತುಂಬಿಸಿದ ಕೂಡಲೇ ತುದಿಯಿಂದ ಸಿಪ್ಪೆ ಥರ ಏಳುತ್ತದೆ. ಕಳೆದ ವರ್ಷ ಒಬ್ಬರು ಅಂಥ ಬೋಟ್ ತಂದಿದ್ದರು. ಹಳೇ ಸೊಲ್ಯೂಷನ್ ಕೆರೆದು ತೆಗೆಯಲು ನನಗೆ ಅರ್ಧ ದಿನ ಹಿಡಿಯಿತು. ತೂತು ಮಾತ್ರ ಅಕ್ಕಿ ಕಾಳಿನಷ್ಟು.

ಸರಿಯಾದ ಕ್ರಮ ಇದು. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗಕ್ಕೆ ಪೆನ್ನಲ್ಲಿ ಗುರುತು ಮಾಡಿ. ಗಾಳಿ ಪೂರ್ತಿ ಬಿಡಿ. ಸ್ಪಿರಿಟ್ಟಲ್ಲಿ ಒರೆಸಿ ಜಿಡ್ಡು ತೆಗೆಯಿರಿ. ತೇಪೆ ದುಂಡಗೆ ಕತ್ತರಿಸಿ, ಮೂಲೆ ಇದ್ದರೆ ಮೂಲೆಯಿಂದಲೇ ಏಳುತ್ತದೆ. ತೂತಿನ ಸುತ್ತ ಎರಡು ಬೆರಳಗಲ ಜಾಸ್ತಿ ಇರಲಿ. ವಿನೈಲಿಗೆ ವಿನೈಲ್ ಅಂಟು, ಪಿವಿಸಿ ಬಟ್ಟೆಗೆ ಪಾಲಿಯುರೇಥೇನ್ ಅಂಟು. ಚಮಚದ ಬೆನ್ನಲ್ಲಿ ನಡುವಿಂದ ಹೊರಕ್ಕೆ ಉಜ್ಜಿ. ಮೇಲೆ ಭಾರ ಇಟ್ಟು ಒಂದು ದಿನ ಬಿಡಿ. ಒಂದು ದಿನ ಅಂದರೆ ಇಪ್ಪತ್ನಾಲ್ಕು ಗಂಟೆ, ಸಂಜೆವರೆಗೆ ಅಲ್ಲ.


ಮಲ್ಲಿಗೆ ತೋಟ (ಬೇಲೂರು)

ಗಾಳಿ ಪಂಕ್ಚರ್ ಅಂಗಡಿಯಲ್ಲೇ ತುಂಬಿಸಿಕೊಂಡರೆ ಆಗಲ್ವಾ?


ತೋಟದ ದಾರಿ (ಸಕಲೇಶಪುರ)

ಬೇಡ ಮೇಡಂ. ಗಾಳಿಯ ಒತ್ತಡವನ್ನು ಪಿಎಸ್‌ಐ ಲೆಕ್ಕದಲ್ಲಿ ಅಳೆಯುತ್ತಾರೆ. ಕಾರಿನ ಟೈರಿಗೆ ಮೂವತ್ತು ಪಿಎಸ್‌ಐ ಮೇಲೆ ಬೇಕು. ಈ ವಿನೈಲ್ ಕಯಾಕಿಗೆ ಒಂದು ಪಿಎಸ್‌ಐ ಆಸುಪಾಸು ಸಾಕು. ಅಂಗಡಿಯ ಕಂಪ್ರೆಸರ್ ಹಿಡಿದರೆ ಒಂದು ಕ್ಷಣದಲ್ಲಿ ಬೆಸೆದ ಸಂದು ಬಿಡುತ್ತದೆ. ಕಾರಿಗೆ ಸಿಕ್ಕಿಸುವ ಟೈರ್ ಪಂಪೂ ಆಗದು, ಅದರಲ್ಲಿ ಬರುವ ಗಾಳಿ ಬಹಳ ಕಡಿಮೆ, ದೋಣಿ ತುಂಬಲು ಗಂಟೆಗಟ್ಟಲೆ ಬೇಕು. ಎಳೆದರೂ ಒತ್ತಿದರೂ ಗಾಳಿ ಬರುವ ಕೈಪಂಪು ತಗೊಳ್ಳಿ. ನನಗೆ ಹತ್ತು ನಿಮಿಷ ಹಿಡಿಯುತ್ತದೆ.

ಡ್ರಾಪ್ ಸ್ಟಿಚ್ ತಳದ ಕಯಾಕ್ ಬೇರೆ. ಮೇಲಿನ ಕೆಳಗಿನ ಹಾಳೆಗಳನ್ನು ಸಾವಿರಾರು ಎಳೆಗಳಿಂದ ಒಳಗೇ ಕಟ್ಟಿರುತ್ತಾರೆ. ಆರರಿಂದ ಹತ್ತು ಪಿಎಸ್‌ಐ ತುಂಬಿದರೆ ಹಲಗೆ ಥರ ಗಟ್ಟಿಯಾಗುತ್ತದೆ. ನೀರಲ್ಲಿ ತುಂಬಾ ಚೆನ್ನಾಗಿ ಓಡುತ್ತದೆ. ಅದಕ್ಕೆ ಒತ್ತಡ ತೋರಿಸುವ ಮುಳ್ಳಿರುವ ಪಂಪೇ ಬೇಕು. ಬೆಲೆ ಮೇಷ್ಟ್ರ ಲೆಕ್ಕ ದಾಟುತ್ತದೆ.


ಮೇಷ್ಟ್ರು (ಹಾಸನ)

ಒತ್ತಡದ ಮಾತು ಬಂದದ್ದಕ್ಕೆ ರಾತ್ರಿ ಕೂತು ಲೆಕ್ಕ ಹಾಕಿದೆ. ಹಾಸನದ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 13 ಪಿಎಸ್‌ಐ. ದೋಣಿಯಲ್ಲಿ ಗೇಜ್, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಿರುವ ಒತ್ತಡ, 1 ಅಂದರೆ ಒಳಗೆ ಒಟ್ಟು 14. ಬೆಳಿಗ್ಗೆ 25 ಡಿಗ್ರಿಯಲ್ಲಿ ತುಂಬಿಸಿ ದಡದಲ್ಲಿ ಬಿಸಿಲಿಗೆ ಬಿಟ್ಟೆವು, ಒಳಗಿನ ಗಾಳಿ 50 ಡಿಗ್ರಿ ಆಯಿತು ಅಂದುಕೊಳ್ಳಿ. 298 ಕೆಲ್ವಿನ್ನಿಂದ 323ಕ್ಕೆ. 14 ಅನ್ನುವುದು 15.2 ಆಗುತ್ತದೆ. ಒಟ್ಟು ಲೆಕ್ಕದಲ್ಲಿ ಸ್ವಲ್ಪವೇ ಏರಿದೆ. ಆದರೆ ಹೊರಗಿನ 13 ಕಳೆದರೆ ಗೇಜಲ್ಲಿ 1 ಇದ್ದದ್ದು 2.2! ಹಾಳೆ ಹಿಗ್ಗುವುದರಿಂದ ಅಷ್ಟು ಪೂರ್ತಿ ಏರದೆ ಇರಬಹುದು. ಆದರೂ ಸಂದು ಬಿಡುವುದು ಯಾಕೆ ಅಂತ ಅರ್ಥವಾಯಿತು. ಒಂಬತ್ತನೇ ತರಗತಿಗೆ ಈ ಲೆಕ್ಕವನ್ನೇ ಕೊಡುತ್ತೇನೆ.


ತೋಟದ ದಾರಿ (ಸಕಲೇಶಪುರ)

ಇದನ್ನು ನಾನು ಕೈಯಲ್ಲಿ ಕಂಡಿದ್ದೆ, ಲೆಕ್ಕದಲ್ಲಿ ಇವತ್ತು ಕಂಡೆ. ದಡಕ್ಕೆ ಬಂದ ಕೂಡಲೇ ವಾಲ್ವ್ ತೆರೆದು ಒಂದಿಷ್ಟು ಗಾಳಿ ಬಿಡಿ, ನೆರಳಿಗೆ ಎಳೆಯಿರಿ. ನೀರಿಗೆ ಇಳಿಸಿದ ಮೇಲೆ ತಣ್ಣಗಾಗಿ ಮೆತ್ತಗಾಗುತ್ತದೆ. ಅದಕ್ಕೆ ಇಳಿಸಿ ಐದು ನಿಮಿಷ ಬಿಟ್ಟು ಮತ್ತೆ ನಾಲ್ಕು ಸಲ ಪಂಪು ಹೊಡೆಯುವುದು ನನ್ನ ಪದ್ಧತಿ.


ಹಕ್ಕಿ ನೋಡುವವ (ತರೀಕೆರೆ)

ಜಾಗದ ಬಗ್ಗೆ ಒಂದೆರಡು ಮಾತು. ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ಸ್ವಂತ ಬೋಟ್ ತಗೊಂಡು ಹೋಗುವ ಯೋಚನೆ ಬೇಡ. 1998ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಮೊಸಳೆಯೂ ಇದೆ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆ ಎದ್ದಾಗ ರೀವ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಇಂಗ್ಲಿಷಲ್ಲಿ ರಿವರ್ ಟರ್ನ್ ಅನ್ನುವುದು ಅವನ್ನೇ. ಒಂದು ದೋಣಿ ಹತ್ತಿರ ಬಂದರೆ ಸಾಕು, ತಾಯಿ ಹಕ್ಕಿ ಏಳುತ್ತದೆ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಅಲ್ಲಿಗೆ ಹೋದರೆ ಅನುಮತಿ ಇರುವ ಸಫಾರಿ ದೋಣಿಯಲ್ಲೇ ನೋಡಿ.

ಹಿರೇಕೊಳಲೆ ಕೆರೆ ಚಿಕ್ಕಮಗಳೂರಿಗೆ ಕುಡಿಯುವ ನೀರು ಕೊಟ್ಟ ಕೆರೆ. ಅದನ್ನೂ ಬಿಡಿ. ಯಗಚಿ ಜಲಾಶಯದಲ್ಲಿ ಬೇಲೂರಿನ ಹತ್ತಿರ ಜಲಕ್ರೀಡೆ ಕೇಂದ್ರ ಇದೆ. ಬೋಟ್ ಕೊಳ್ಳುವ ಮೊದಲು ಅಲ್ಲಿ ಮನೆಯವರನ್ನು ಒಂದು ಸಲ ಕೂರಿಸಿ. ಅವರಿಗೆ ನೀರು ಹಿಡಿಸುತ್ತದಾ ಇಲ್ಲವಾ ಗೊತ್ತಾಗುತ್ತದೆ. ಬೇರೆ ಯಾವ ಕೆರೆಯಾದರೂ ಊರವರನ್ನೋ ಪಂಚಾಯಿತಿಯನ್ನೋ, ಜಲಾಶಯವಾದರೆ ನೀರಾವರಿ ಕಚೇರಿಯನ್ನೋ ಕೇಳಿಯೇ ಇಳಿಯಿರಿ. ಜೂನಿನಿಂದ ಸೆಪ್ಟೆಂಬರ್ ಹೊಳೆ ಕಡೆ ನೋಡಲೇಬೇಡಿ.


ಗುಡ್ಡದ ಮನೆ (ಕಳಸ)

ಸಣ್ಣ ಬ್ಯಾಟರಿ ಮೋಟಾರ್ ಹಾಕಿಸಿದರೆ ಗಾಳಿಗೆ ಹೆದರಬೇಕಿಲ್ಲ ಅಲ್ವಾ?


ಬೆನ್ನಚೀಲ (ಮೂಡಿಗೆರೆ, ಈಗ ಬೆಂಗಳೂರು)

ಮೋಟಾರ್, ಬ್ಯಾಟರಿ ಸೇರಿದರೆ ಬಸ್ಸಿಗೆ ಒಯ್ಯುವ ಮಾತು ಮುಗಿಯಿತು. ಯಂತ್ರದಿಂದ ಓಡುವ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯಲ್ಲಿ ನೋಂದಣಿಯ ನಿಯಮಗಳಿವೆ. ಮೊದಲ ದೋಣಿಗೆ ಬೇಡ.


ತೋಟದ ದಾರಿ (ಸಕಲೇಶಪುರ)

ಒಂದು ಮಾತು ಯಾರೂ ಹೇಳಿಲ್ಲ. ನಮ್ಮ ಮಲೆನಾಡಲ್ಲಿ ದೋಣಿ ಹಾಳಾಗುವುದು ನೀರಲ್ಲಿ ಅಲ್ಲ, ಅಟ್ಟದಲ್ಲಿ. ಮೊದಲ ಮಳೆಗಾಲ ನಾನು ಒದ್ದೆ ಇದ್ದಂತೆಯೇ ಮಡಚಿ ಕಾಫಿ ಮೂಟೆಗಳ ಪಕ್ಕ ಇಟ್ಟಿದ್ದೆ. ಅಕ್ಟೋಬರಲ್ಲಿ ಬಿಚ್ಚಿದರೆ ಮಡಿಕೆ ಮಡಿಕೆಗೂ ಬೂಸ್ಟು. ಒಂದು ಮೂಲೆಯಲ್ಲಿ ಇಲಿ ಕಡಿದು ಬೆರಳು ತೂರುವಷ್ಟು ತೂತು. ಈಗ ಬಂದ ದಿನವೇ ಸಿಹಿನೀರಲ್ಲಿ ತೊಳೆದು, ಜಗಲಿಯಲ್ಲಿ ಅರ್ಧ ಗಾಳಿ ತುಂಬಿಸಿ ನಿಲ್ಲಿಸುತ್ತೇನೆ. ತಳ ಮತ್ತು ಕೊಳವೆ ಸೇರುವ ಸಂದಿಯಲ್ಲಿ ನೀರು ಉಳಿದಿರುತ್ತದೆ. ಅಲ್ಲಿಗೆ ಹಳೇ ಪಂಚೆ ತುರುಕಿ ಎಳೆಯಬೇಕು. ಪೂರ್ತಿ ಒಣಗಿದ ಮೇಲೆ ಸ್ವಲ್ಪ ಪೌಡರ್ ಹಾಕಿ, ಸಡಿಲವಾಗಿ ಮಡಚಿ, ಮುಚ್ಚಳ ಇರುವ ಡ್ರಮ್ಮಲ್ಲಿ ಇಡುತ್ತೇನೆ.

ಮೇಷ್ಟ್ರೇ, ತಗೊಳ್ಳುವ ಮೊದಲು ನಮ್ಮ ತೋಟಕ್ಕೆ ಬನ್ನಿ. ಮಣ್ಣಿನ ಕೆರೆ ಇದೆ, ಅಂಚಲ್ಲಿ ಮೊಣಕಾಲುದ್ದ, ನಡುವೆ ಎದೆಮಟ್ಟ. ನನ್ನ ಬೋಟಲ್ಲೇ ಕೂತು ನೋಡಿ. ಆನೆ ಓಡಾಟ ಇರುವುದರಿಂದ ಬೆಳಿಗ್ಗೆ ಎಂಟರ ಮೇಲೆ ಬಂದು ನಾಲ್ಕರೊಳಗೆ ಹೊರಡಬೇಕು.


ಮೇಷ್ಟ್ರು (ಹಾಸನ), ಮೂರು ವಾರದ ನಂತರ

ಹೋಗಿ ಬಂದೆವು. ಮೊದಲು ಯಗಚಿಯಲ್ಲಿ ಹೆಂಡತಿ ಕೂತಳು. ಹತ್ತು ನಿಮಿಷ ಮಾತೇ ಆಡಲಿಲ್ಲ, ಆಮೇಲೆ ಇಳಿಯಲು ಒಪ್ಪಲಿಲ್ಲ.

ಭಾನುವಾರ ತೋಟದ ದಾರಿ ಅಣ್ಣನವರ ಕೆರೆಗೆ ಹೋದೆವು. ಈಜು ಅಕ್ಕ ಹೇಳಿದ ಹಾಗೇ ಮಗಳಿಗೆ ಹತ್ತುವುದನ್ನು ಕಲಿಸಿದೆ. ಮೊದಲ ಮೂರು ಸಲ ಕಾಲು ಅಡಿಗೇ ಹೋಯಿತು, ಮೂಗಿಗೆ ನೀರು ಹೋಗಿ ಕೆಮ್ಮಿದಳು. ನಾಲ್ಕನೇ ಸಲ ಕಾಲು ಬಡಿದು ಮೀನಿನ ಥರ ಹೊಟ್ಟೆ ಮೇಲೆ ಬಂದು ಬಿದ್ದಳು. ಆಮೇಲೆ ಬೇಕಂತಲೇ ಬೀಳಲು ಶುರು ಮಾಡಿದಳು. ನನಗೆ ಅವಳಷ್ಟು ಸುಲಭವಾಗಿ ಬರಲಿಲ್ಲ, ಎಂಟು ಸಲ ಬೇಕಾಯಿತು.

ತೀರ್ಮಾನ ಹೇಳುತ್ತೇನೆ. ಇಬ್ಬರು ಕೂರುವ ವಿನೈಲ್ ಕಯಾಕನ್ನೇ ತಗೊಂಡೆ, ಮೂರು ಗಾಳಿ ಕೋಣೆಯದ್ದು. ಅದಕ್ಕಿಂತ ಮೊದಲು ಎರಡು 100 ನ್ಯೂಟನ್ ಜಾಕೆಟ್, ನನಗೊಂದು 50ರದ್ದು, ಮೂರಕ್ಕೂ ಸೀಟಿ. ನಾಲ್ಕು ತುಂಡಿನ ಅಲ್ಯೂಮಿನಿಯಂ ಹುಟ್ಟು. ಹದಿನೈದು ಮೀಟರ್ ತೇಲುವ ಹಗ್ಗ. ಇಪ್ಪತ್ತೈದು ಸಾವಿರ ಸ್ವಲ್ಪ ದಾಟಿತು. ಒಟ್ಟಿಗೆ ಮೂವರು ಕೂರುವುದಿಲ್ಲ. ನಾನು ಮತ್ತು ಮಗಳು, ಆಮೇಲೆ ನಾನು ಮತ್ತು ಹೆಂಡತಿ. ಒಬ್ಬರು ಯಾವಾಗಲೂ ದಡದಲ್ಲಿ, ಹಗ್ಗ ಮತ್ತು ಫೋನ್ ಹಿಡಿದು. ಮಗಳು ದಡದಲ್ಲಿರುವ ಸರದಿಗೆ ನನ್ನ ತಮ್ಮನೂ ಜೊತೆ ಬರುತ್ತಾನೆ, ಅವನಿಲ್ಲದ ದಿನ ಹೆಂಡತಿಯ ಸರದಿ ಇಲ್ಲ. ಇದಕ್ಕೆ ಅವಳೇ ಮೊದಲು ಒಪ್ಪಿದ್ದು.

ಬಸ್ಸಿಗೆ ಹದಿನೈದು ಕೆಜಿ ಆಸುಪಾಸಿನ ಚೀಲ ಭಾರವೇ. ಆದರೆ ಒಬ್ಬ ಆಳು ಬೆನ್ನಿಗೆ ಹಾಕಿಕೊಳ್ಳಬಹುದು. ಮನೆಯಿಂದ ಬಸ್ ಸ್ಟ್ಯಾಂಡಿನವರೆಗೆ ಹೊತ್ತು ನಡೆದು ನೋಡಿದೆ. ಭುಜದ ಪಟ್ಟಿ ಸಣ್ಣದು, ಒತ್ತುತ್ತದೆ. ಟಾರ್ಪಾಲು ಅಣ್ಣಾ, ಹಳೇ ಸ್ಕೂಲ್ ಬ್ಯಾಗಿನ ಅಗಲ ಪಟ್ಟಿ ಹೊಲಿದು ಕೊಡುತ್ತೀರಾ?


ಟಾರ್ಪಾಲು ಕೆಲಸ (ಅರಸೀಕೆರೆ)

ತಗೊಂಡು ಬನ್ನಿ ಸಾರ್. ಹಳೇ ಪಟ್ಟಿ ಬೇಡ, ಲಾರಿ ಬೆಲ್ಟಿನ ನೂಲು ಇದೆ. ಒಳಗೆ ಫೋಮ್ ಇಟ್ಟು ಹೊಲಿಯುತ್ತೇನೆ.


ಆಲೂರಿನವನು (ಆಲೂರು)

ಮೇಷ್ಟ್ರೇ, ಶೆಟ್ಟಿಹಳ್ಳಿ ಕಡೆ ಹೋಗುವ ದಿನ ಹೇಳಿ. ನಾನು ದಡದಲ್ಲಿ ಇರುತ್ತೇನೆ. ಬೆಳಿಗ್ಗೆ ಮಂಜು ಕರಗಿ ಎದುರು ದಡ ಕಂಡ ಮೇಲೆ ಇಳಿಯೋಣ, ಒಂಬತ್ತೂವರೆಗೆ ವಾಪಸ್. ಕಮಾನು ಕಾಣುವಷ್ಟು ದೂರಕ್ಕೆ, ಅದರಾಚೆ ಬೇಡ.


ತೋಟದ ದಾರಿ (ಸಕಲೇಶಪುರ)

ಮಗಳ ಒಂದು ನೀಲಿ ಚಪ್ಪಲಿ ನಮ್ಮ ಕೆರೆ ಏರಿ ಮೇಲೆ ಉಳಿದಿದೆ. ಬುಧವಾರ ಹಾಸನಕ್ಕೆ ಬರುತ್ತೇನೆ, ಸ್ಕೂಲ್ ಹತ್ತಿರ ಕೊಟ್ಟು ಹೋಗುತ್ತೇನೆ.